ಮಣೂಕಿಯ ಮೈಮೇಲಿನ ಕೂದಲು

"ಅಯ್ಯ ಯವ್ವಾ, ಇದಕ್ಕೇನಾತು? ಯಾರರೆ ಕುದಿಯೂ ನೀರು ಸುರುವ್ಯಾರೇನು?"

ಗೇಟಿನ ಆಚೆ ನಿಂತು ಕೇಳಿದವರು ಎದುರು ಮನೆಯ ವಿದ್ಯಾವತಿ ಟೀಚರ್. ಟೀಚರ್ ರಿಟೈರ್ ಆಗಿ ಎಷ್ಟೋ ವರ್ಷವಾಗಿತ್ತು. ಅವರ ಪ್ರಶ್ನೆಗಳು ಮಾತ್ರ ಇನ್ನೂ ಡ್ಯೂಟಿಯಲ್ಲಿದ್ದವು.

ಕಾವ್ಯಾ ಗಡಬಡಿಸಿ ತನ್ನ ಹಳೆಯ ಸ್ವೆಟರನ್ನು ಮಣೂಕಿಯ ಬೆನ್ನಿನ ಮೇಲೆ ಎಳೆದಳು. ಮಾರ್ಚ್ ತಿಂಗಳು, ವಿಜಯಪುರದ ಬಿಸಿಲು, ಸ್ವೆಟರ್ ಹೊದ್ದ ನಾಯಿ. ಅನುಮಾನ ಬರದಿದ್ದವರಿಗೂ ಬರಬೇಕು.

"ಏನಿಲ್ಲ ಟೀಚರ್, ಥಂಡಿ ಆಗೇತಿ ಅಕಿಗೆ."

"ಥಂಡಿ? ನಮಗ ಫ್ಯಾನ್ ಸಾಲವಲ್ದು, ನಿಮ್ಮ ನಾಯಿಗೆ ಥಂಡಿ!"

ಮಣೂಕಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಅದು ಒಮ್ಮೆ ಮೈ ಕೊಡವಿತು. ಸ್ವೆಟರ್ ಜಾರಿ ಕೆಳಗೆ ಬಿತ್ತು.

ಎರಡೂ ಪಕ್ಕಗಳಲ್ಲಿ ಕೂದಲೇ ಇರಲಿಲ್ಲ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ, ಕಟಿಂಗ್ ಅಂಗಡಿಯವರು ಅಳತೆ ಹಿಡಿದು ತೆಗೆದ ಹಾಗೆ. ಬಾಲ ಇಲಿಯ ಬಾಲದಂತಾಗಿತ್ತು. ತಲೆಗೆ, ಕಿವಿಗೆ, ಕಾಲಿಗೆ ಮಾತ್ರ ಮೊದಲಿನ ಕಂದು ಕೂದಲು ಉಳಿದಿತ್ತು. ದೂರದಿಂದ ನೋಡಿದರೆ ಟೋಪಿ, ಸಾಕ್ಸ್ ಎಲ್ಲ ಹಾಕಿಕೊಂಡು ಅಂಗಿಯನ್ನೇ ಮರೆತು ಹೊರಟವರಂತೆ ಕಾಣುತ್ತಿತ್ತು.

"ತುರಿಸಿಕೊಳ್ತೈತೇನು?"

"ಇಲ್ರಿ."

"ಊಟ?"

"ನನಗಿಂತ ಜಾಸ್ತಿ ಮಾಡ್ತಾಳ."

"ತುರಿಕಿ ಇಲ್ದ ಕೂದಲ ಹೋಗೂ ರೋಗ ನಾ ಕೇಳೇ ಇಲ್ಲ. ಹುರುಕ ಇದ್ದೀತು ನೋಡು. ನಮ್ಮ ಮೊಮ್ಮಗ ಈಗ ಅಂಬೆಗಾಲು ಇಡಾಕತ್ತೈತಿ. ನಿಮ್ಮ ಮಮ್ಮಿಗೆ ನಾನೇ ಹೇಳ್ತೀನಿ."

ಅವರು ಹೇಳುತ್ತಾರೆಂಬುದರಲ್ಲಿ ಕಾವ್ಯಾಳಿಗೆ ಯಾವ ಸಂಶಯವೂ ಇರಲಿಲ್ಲ.

ಅಷ್ಟರಲ್ಲಿ ಸ್ಕೂಲ್ ಆಟೋ ಬಂತು. ಒಳಗೆ ನದೀಮ ಕೂತಿದ್ದ. ನದೀಮನ ಮನೆ ಹಿಂದಿನ ಗಲ್ಲಿಯಲ್ಲಿ. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಶಾಲೆ, ಒಂದೇ ಆಟೋ. ಅವನ ಪಕ್ಕದಲ್ಲಿ ಸಪ್ನಾ. ಅವಳು ಈ ವರ್ಷವಷ್ಟೇ ಸೇರಿದವಳು. ಅವಳ ಬ್ಯಾಗಿನ ಮೇಲೆ ಮಿನುಗುವ ಕುದುರೆ ಇತ್ತು. ಆ ಕುದುರೆಗೂ ಮೈತುಂಬ ಕೂದಲಿತ್ತು.

"ಛೀ, ಏನ ಅದು!" ಸಪ್ನಾ ಮೂಗು ಮುಚ್ಚಿಕೊಂಡಳು. ವಾಸನೆ ಏನೂ ಬಂದಿರಲಿಲ್ಲ. "ಅದು ನಿಮ್ಮ ನಾಯಿಯೇನ?"

"ಅಲ್ಲ," ಅಂದಳು ಕಾವ್ಯಾ. "ಬೀದಿ ನಾಯಿ. ಸುಮ್ನ ಬಂದು ನಿಂದರತೈತಿ."

ಕಾವ್ಯಾಳ ದನಿ ಕೇಳಿ ಮಣೂಕಿ ಬೋಳು ಬಾಲ ಅಲ್ಲಾಡಿಸಿತು.

ನದೀಮ ಕಾವ್ಯಾಳ ಮುಖ ನೋಡಿದ. ಆಟೋ ಹೊರಟಿತು. ದಿನಾ ತಿರುವಿನವರೆಗೂ ಹಿಂದಕ್ಕೆ ನೋಡಿ ಕೈ ಬೀಸುತ್ತಿದ್ದ ಕಾವ್ಯಾ ಅಂದು ಮುಂದಕ್ಕೇ ನೋಡುತ್ತ ಕೂತಳು.

*

ಮಣೂಕಿ ಈ ಮನೆಗೆ ಬಂದದ್ದು ಕಾವ್ಯಾ ಹುಟ್ಟುವುದಕ್ಕೂ ಮೊದಲು. ತಿಕೋಟಾದಲ್ಲಿ ಶಂಕ್ರೆಪ್ಪ ಅಜ್ಜನ ದ್ರಾಕ್ಷಿ ತೋಟವಿದೆ. ತೋಟದ ಪಕ್ಕ ದ್ರಾಕ್ಷಿ ಒಣಗಿಸುವ ಶೆಡ್ಡು. ಒಣಗಿದ ದ್ರಾಕ್ಷಿಗೆ ಅಲ್ಲೆಲ್ಲ ಮಣೂಕ ಎನ್ನುತ್ತಾರೆ. ಒಂದು ಸಲ ಅಜ್ಜ ಮಣೂಕದ ಖಾಲಿ ಬಾಕ್ಸಿನಲ್ಲಿ ಕಂದು ಬಣ್ಣದ ಮರಿಯೊಂದನ್ನು ಇಟ್ಟುಕೊಂಡು ಬಂದ. ಬಾಕ್ಸಿನ ಮೇಲೆ ಏನು ಬರೆದಿತ್ತೋ ಅದೇ ಹೆಸರಾಯಿತು.

ಮನೆಯ ಆಲ್ಬಮ್ಮಿನಲ್ಲಿ ಮಣೂಕಿ ಇಲ್ಲದ ಫೋಟೋ ಹುಡುಕುವುದು ಕಷ್ಟ. ಕಾವ್ಯಾಳ ಹುಟ್ಟುಹಬ್ಬಗಳಲ್ಲಿ ಕೇಕಿಗಿಂತ ಮಣೂಕಿಯೇ ದೊಡ್ಡದಾಗಿ ಕಾಣುತ್ತಿತ್ತು. ಭೂತನಾಳ ಕೆರೆಗೆ ಹೋದ ಫೋಟೋದಲ್ಲಿ ಅದು ಒದ್ದೆ ಮೈ ಕೊಡವುತ್ತಿತ್ತು. ಪಪ್ಪಾ, ಮಮ್ಮಿ, ಬುತ್ತಿಯ ಡಬ್ಬಿ, ಎಲ್ಲವೂ ಹನಿಗಳ ಮಳೆಯಲ್ಲಿ ಕಣ್ಣುಮುಚ್ಚಿದ್ದವು. ಡಬ್ಬಿಯೂ ಕಣ್ಣು ಮುಚ್ಚಿದೆ ಎಂದು ಚಿಕ್ಕವಳಿದ್ದಾಗ ಕಾವ್ಯಾ ಹೇಳಿದ್ದಳಂತೆ. ಮನೆಯಲ್ಲಿ ಈಗಲೂ ಆ ಮಾತು ಹೇಳಿ ನಗುತ್ತಾರೆ.

ಆಗ ಎಲ್ಲಿ ನೋಡಿದರೂ ಕೂದಲೇ. ಸೋಫಾದ ಮೇಲೆ, ಯೂನಿಫಾರ್ಮಿನ ಮೇಲೆ, ಒಮ್ಮೊಮ್ಮೆ ಸಾರಿನಲ್ಲೂ. "ಈ ಮನಿಯಾಗ ನಾವು ಅನ್ನ ಉಣ್ತೀವೋ ನಾಯಿ ಕೂದಲ ಉಣ್ತೀವೋ!" ಎಂದು ಮಮ್ಮಿ ದಿನಾ ಬೆಳಿಗ್ಗೆ ಕಾವ್ಯಾಳ ಸ್ಕರ್ಟು ಜಾಡಿಸಿಯೇ ಆಟೋ ಹತ್ತಿಸುತ್ತಿದ್ದಳು.

ಇತ್ತೀಚೆಗೆ ಮಮ್ಮಿಗೆ ಬೆಳಿಗ್ಗೆ ಒಂದು ಕೆಲಸ ಕಡಿಮೆಯಾಗಿತ್ತು. ಅದರಿಂದ ಅವಳಿಗೇನೂ ಖುಷಿಯಾದಂತೆ ಕಾಣಲಿಲ್ಲ.

*

ಸಂಜೆ ನದೀಮ ಬಾಟಲಿ ಹಿಡಿದು ಬಂದ. ಒಳಗೆ ಕರ್ರಗಿನ ಎಣ್ಣೆ.

"ಕಾಕಾನ ಗ್ಯಾರೇಜಿಂದ ತಂದೇನಿ. ಸುಟ್ಟ ಎಂಜಿನ್ ಆಯಿಲ್. ಎಲ್ಲಾರೂ ನಾಯಿಗೆ ಇದನ್ನ ಹಚ್ಚತಾರಂತ."

"ಹಚ್ಚಿದ್ರ ಕೂದಲ ಬರ್ತಾವೇನು?"

ನದೀಮ ಸ್ವಲ್ಪ ಯೋಚಿಸಿದ. "ಕಾಕಾ ದಿನಾ ಕೈಗೆ ಹಚ್ಕೊಂಡಿರ್ತಾನ. ಕೈಮ್ಯಾಲ ಭಾಳ ಕೂದಲ ಅದಾವು."

"ತಲಿ?"

"ತಲಿ ಬೋಳ."

ಇಬ್ಬರೂ ಬಾಟಲಿಯನ್ನು ನೋಡಿದರು. ಮಣೂಕಿ ಒಮ್ಮೆ ಮೂಸಿ, ಸೀನಿ, ಮಂಚದ ಕೆಳಗೆ ಹೋಗಿ ಮಲಗಿತು. ಆ ವಿಷಯ ಅಲ್ಲಿಗೆ ಮುಗಿಯಿತು. ಅವತ್ತು ಅದು ಒಳ್ಳೆಯದೇ ಆಯಿತು.

ಹೋಗುವಾಗ ನದೀಮ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದ. "ಬೆಳಿಗ್ಗೆ ಯಾಕ ಹಂಗಂದಿ ಲೇ?"

"ಹೆಂಗ?"

"ಹೋಗ್ಲಿ ಬಿಡು," ಅಂದ ನದೀಮ.

ಒಳಗೆ ಮಮ್ಮಿ ಪಪ್ಪಾನ ಜೊತೆ ಮಾತಾಡುತ್ತಿದ್ದಳು. ವಿದ್ಯಾವತಿ ಟೀಚರ್ ಮಧ್ಯಾಹ್ನವೇ ಬಂದು ಹೋಗಿದ್ದರು.

"ಅವ್ರು ಹೇಳೂದ್ರಾಗೂ ತಪ್ಪೇನೈತ್ರಿ? ಅವ್ರದು ಕೂಸು ಇರೂ ಮನಿ. ಐತವಾರ ತಿಕೋಟಾಕ್ಕ ಬಿಟ್ಟು ಬರೂಣು. ಅಂಟೂ ರೋಗ ಅಲ್ಲಂತ ಡಾಕ್ಟರ್ ಹೇಳ್ಲಿ, ಆಮ್ಯಾಲ ನೋಡೂಣು."

'ಆಮ್ಯಾಲ ನೋಡೂಣು' ಎಂದರೆ ಏನೆಂದು ಕಾವ್ಯಾಳಿಗೆ ಗೊತ್ತಿತ್ತು. ಗೇರ್ ಸೈಕಲ್ ಕೇಳಿದಾಗಲೂ ಹಾಗೇ ಅಂದಿದ್ದರು. ಆ ಸೈಕಲ್ಲನ್ನು ಇವತ್ತಿನವರೆಗೂ ಯಾರೂ ನೋಡಿಲ್ಲ.

ಕೂದಲು ವಾಪಸ್ ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ಟೀಚರ್ ಸುಮ್ಮನಾಗುತ್ತಾರೆ. ಸಪ್ನಾ ಕೇಳಿದರೆ, ಆ ಬೀದಿ ನಾಯಿ ಎಲ್ಲೋ ಹೋಯಿತು, ಇದು ನಮ್ಮ ನಾಯಿ ಎಂದು ಹೇಳಬಹುದು.

*

ಐತವಾರ ತಿಕೋಟಾದ ಶೆಡ್ಡಿನಲ್ಲಿ ಕೆಲಸ ಜೋರಾಗಿತ್ತು. ಹಸಿರು ನೆಟ್ಟಿನ ನೆರಳು, ಅದರ ಕೆಳಗೆ ಅಂತಸ್ತು ಅಂತಸ್ತಾಗಿ ಜಾಳಿಗೆ, ಜಾಳಿಗೆಯ ಮೇಲೆ ಲೆಕ್ಕವಿಲ್ಲದಷ್ಟು ದ್ರಾಕ್ಷಿ. ಹೆಣ್ಣುಮಕ್ಕಳು ಕ್ರೇಟಿನಲ್ಲಿ ದ್ರಾಕ್ಷಿ ತುಂಬಿ, ಔಷಧದ ನೀರಿನ ಟಬ್ಬಿನಲ್ಲಿ ಮುಳುಗಿಸಿ ಎತ್ತುತ್ತಿದ್ದರು. ಮಣೂಕಿ ಗಾಡಿಯಿಂದ ಇಳಿದದ್ದೇ ತಾನು ಹುಟ್ಟಿದ ಜಾಗವನ್ನೆಲ್ಲ ಮೂಸಿ ನೋಡಿತು. ಎಲ್ಲ ಸರಿಯಾಗಿದೆ ಎನಿಸಿರಬೇಕು, ಅಜ್ಜನ ಬಾಜು ಎಂಬ ಹಗ್ಗದ ಮಂಚದ ಕೆಳಗೆ ಅಡ್ಡಾಯಿತು.

ಅಜ್ಜ ಅದನ್ನು ನೋಡಿ ಹೇಳಿದ. "ಹೆಸರಿಟ್ಟಾಗ ಮರಿ ಗುಂಡಗ ದ್ರಾಕ್ಷಿ ಹಂಗ ಇತ್ತು. ಈಗ ನೋಡಿದ್ರ ಖರೇನ ಮಣೂಕ ಆಗೇತಿ!"

ಕಾವ್ಯಾ ನಗಲಿಲ್ಲ. "ಅಜ್ಜಾ, ಆ ಟಬ್ಬಿನಾಗ ಯಾಕ ಅದ್ದತಾರ?"

"ಅದು ಡಿಪ್ಪಿಂಗ್ ಆಯಿಲ್, ಪುಡಿ ಕೂಡಿಸಿದ ನೀರವ್ವ. ಸುಮ್ನ ಒಣಗಾಕ ಬಿಟ್ರ ಕರ್ರಗ ಆಗ್ತಾವು. ಇದ್ರಾಗ ಒಮ್ಮಿ ಅದ್ದಿ ತಗದ್ರ ಸಿಪ್ಪಿಗೆ ಏನ ಹೊಳಪು ಬರ್ತೈತಿ ಅಂತೀ! ಬಂಗಾರ ನೋಡು, ಬಂಗಾರ!"

ಸಿಪ್ಪೆ ಕೆಡದ ಹಾಗೆ, ಹೊಳಪು ಬರುವ ಹಾಗೆ ಮಾಡುವ ಔಷಧ. ಅದೂ ಮಣೂಕಕ್ಕೆಂದೇ ಮಾಡಿದ್ದು. ಕಾವ್ಯಾಳಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿರಲಿಲ್ಲ.

ಎಲ್ಲರೂ ಊಟಕ್ಕೆ ಕೂತಾಗ ಅವಳು ಅರ್ಧ ಬಕೆಟ್ ನೀರನ್ನು ಟಬ್ಬಿನಿಂದ ತೋಡಿಕೊಂಡಳು. ಶೆಡ್ಡಿನ ಹಿಂದೆ ಮಣೂಕಿಯನ್ನು ನಿಲ್ಲಿಸಿದಳು. ಮಣೂಕಿಗೆ ಸ್ನಾನವೆಂದರೆ ಆಗದು. ಆದರೂ ಕಾವ್ಯಾ "ನಿಂದರು" ಅಂದದ್ದಕ್ಕೆ ನಿಂತಿತು. ಬೋಳು ಚರ್ಮಕ್ಕೆ ಕೈ ತಾಗದ ಹಾಗೆ, ದೂರದಿಂದಲೇ, ಅವಳು ಮಗ್ಗಿನಿಂದ ಸುರುವಿದಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮಣೂಕಿ ಕುಂಯ್‌ಗುಟ್ಟತೊಡಗಿತು. ಮಣ್ಣಿನಲ್ಲಿ ಬಿದ್ದು ಹೊರಳಾಡಿತು. ಎದ್ದಾಗ ಪಕ್ಕಗಳೆಲ್ಲ ಕೆಂಪಾಗಿದ್ದವು. ಅದು ಸುತ್ತಲೂ ನೋಡಿತು. ಉರಿ ಎಲ್ಲಿಂದ ಬಂತೆಂದು ಅದಕ್ಕೆ ತಿಳಿದಂತೆ ಕಾಣಲಿಲ್ಲ. ಓಡಿಬಂದು ಕಾವ್ಯಾಳ ಕಾಲ ಹಿಂದೆಯೇ ಬಚ್ಚಿಟ್ಟುಕೊಂಡಿತು.

"ಅಜ್ಜೀ!" ಕಾವ್ಯಾ ಕಿರುಚಿದಳು.

ಗುರುಸಿದ್ದವ್ವಜ್ಜಿ ಉಣ್ಣುತ್ತಿದ್ದ ಕೈಯಲ್ಲೇ ಓಡಿಬಂದಳು. ಬಕೆಟ್ ನೋಡಿದಳು, ಮೂಸಿದಳು.

"ಏನ ಮಾಡೀ ಬೇ! ದ್ರಾಕ್ಷಿಗೆ ಹಾಕೂದು ನಾಯಿಗೆ ಹಾಕೀಯೇನ? ನಡಿ, ಮೊದಲ ನಲ್ಲಿ ಹಚ್ಚು!"

ತೊಟ್ಟಿಯ ಹತ್ತಿರ ಪೈಪು ಹಿಡಿದು ಅಜ್ಜಿ ತಣ್ಣೀರು ಬಿಟ್ಟಳು. ಕಾವ್ಯಾ ಅಳುತ್ತ ಪಕ್ಕದಲ್ಲಿ ನಿಂತಿದ್ದಳು.

"ಅಳೂದು ಆಮ್ಯಾಲ. ಕೈ ಹಾಕಿ ತಿಕ್ಕು."

ಕಾವ್ಯಾ ಕೈ ಮುಂದೆ ಮಾಡಿದಳು, ಹಿಂದೆ ತೆಗೆದುಕೊಂಡಳು.

"ಯಾಕ? ನಾಯಿ ನಿಂದಲ್ಲೇನು?"

ಅಜ್ಜಿಗೆ ಆಟೋದ ವಿಷಯ ಗೊತ್ತಿರಲಿಲ್ಲ. ಸುಮ್ಮನೆ ಕೇಳಿದ್ದಳು. ಆದರೆ ಕಾವ್ಯಾಳ ಕಿವಿ ಮಣೂಕಿಯ ಪಕ್ಕಕ್ಕಿಂತ ಕೆಂಪಾಯಿತು. ಅವಳು ಅಂಗೈಯನ್ನು ಬೋಳು ಚರ್ಮದ ಮೇಲೆ ಇಟ್ಟಳು. ಕೂದಲು ಹೋದಾಗಿನಿಂದ ಅಲ್ಲಿ ಮುಟ್ಟಿದ್ದು ಅದೇ ಮೊದಲು. ಹೇಗಿರುತ್ತದೋ ಎಂದು ಹೆದರಿದ್ದಳು. ಸುಕ್ಕು ಸುಕ್ಕಾಗಿ, ಮೆತ್ತಗೆ, ನೀರಿನ ಕೆಳಗೂ ಬೆಚ್ಚಗಿತ್ತು. ಬುಟ್ಟಿಯಲ್ಲಿ ಅರಿವೆ ಮುಚ್ಚಿಟ್ಟ ಜೋಳದ ರೊಟ್ಟಿಯ ಹಾಗೆ.

"ಹಾಂ, ಹಂಗ," ಅಂದಳು ಅಜ್ಜಿ. ಮಣೂಕಿಯ ಕುಂಯ್‌ಕುಂಯ್ ಕಡಿಮೆಯಾಗುತ್ತ ಬಂತು. ಅಜ್ಜಿಯ ಸಿಟ್ಟೂ ಇಳಿಯಿತು. "ನಿನ್ನ ಜಾವಳ ತಗಿಸಿದ ದಿನಾನೂ ಇದೇ ತೊಟ್ಟಿ ಬಾಜೂಕ ನಿನ್ನ ಎರದಿದ್ದೆ. ಹುಟ್ಟುಗೂದಲ ತಗೀತಾರಂತ ಊರ ಮಂದಿಯೆಲ್ಲಾ ಬಂದಿದ್ರು. ನಿಮ್ಮ ಸ್ವಾದರಮಾವ ತೊಡಿಮ್ಯಾಲ ಕುಂದರಿಸ್ಕೊಂಡಿದ್ದ. ನೀ ಒದ್ದ ಒದಿಗೆ ಅವನ ತಲಿಮ್ಯಾಲಿನ ಪಟಗಾನೇ ಬಿತ್ತು."

"ನಾ ಪೂರಾ ಬೋಳ ಆಗಿದ್ನೇನು?"

"ಚರಿಗಿ! ತಿಕ್ಕಿ ತೊಳದಿಟ್ಟ ಬೆಳ್ಳಿ ಚರಿಗಿ ಆಗಿದ್ದಿ! ಗಂಧ ಹಚ್ಚಿ ಬಾಜಿನ ಮ್ಯಾಲ ಮಲಗಿಸಿದ್ವಿ. ಆಗ ಬಂದ್ನಲ್ಲ ನಿಮ್ಮಜ್ಜ, ಶೆಡ್ಡಿಂದ. ನೋಡಿದ, ನೋಡಿದ. 'ಯಾರ ಕೂಸಬೇ ಇದು? ಇದರವ್ವ ಎಲ್ಲಿ ಹೋಗ್ಯಾಳ?' ಅಂದ!"

ಊಟ ಬಿಟ್ಟು ಬಂದಿದ್ದ ಅಜ್ಜ ಹಿಂದಿನಿಂದ ಗುಡುಗಿದ. "ಸುಳ್ಳ! ಶೆಡ್ಡಿನಾಗ ಮಣೂಕಕ್ಕ ಹಾಕೂ ಗಂಧಕದ ಹೊಗಿ ಕಣ್ಣಾಗ ಹೋಗಿತ್ತು!"

"ಹೊಗಿ ನಾಯಿ ಕಣ್ಣಾಗ ಹೋಗಿರ್ಲಿಲ್ಲೇನು? ಅದು ಬಂತು. ಒಮ್ಮಿ ತಲಿ ಮೂಸ್ತು. ಗಂಧ ಮೂಗಿಗೆ ಹತ್ತಿ ಸೀನ್ತು. ಸೀದಾ ಬಾಜಿನ ಕೆಳಗ ಹೋಗಿ ಮಲಗಿಬಿಡ್ತು. ಬಂದ ಬೀಗರನ್ನ ಒಬ್ರನ್ನೂ ನಿನ್ನ ಹತ್ರ ಬಿಡ್ಲಿಲ್ಲ. ನಿಮ್ಮಜ್ಜನ್ನೂ!"

ಅಜ್ಜಿ ನಕ್ಕಳು. ಅಜ್ಜನೂ ಮೀಸೆಯೊಳಗೆ ನಕ್ಕ. ಕಾವ್ಯಾ ತಿಕ್ಕುವುದನ್ನು ಮರೆತು ಕೂತಿದ್ದಳು. ಮಣೂಕಿ ಒದ್ದೆ ಮೂಗಿನಿಂದ ಅವಳ ಮೊಣಕೈಯನ್ನು ದೂಡಿತು. ಅವಳು ಮತ್ತೆ ತಿಕ್ಕತೊಡಗಿದಳು.

*

ಸಂಜೆ ಬಬಲೇಶ್ವರದಿಂದ ಸುಭಾಷ ಡಾಕ್ಟರ್ ಬಂದರು. ಬಂದದ್ದು ಅಜ್ಜನ ಎಮ್ಮೆಗೆ, ಆದರೆ ಮಣೂಕಿಯನ್ನು ನೋಡಿ ಎಮ್ಮೆಯನ್ನು ಸ್ವಲ್ಪ ಹೊತ್ತು ಮರೆತರು. ಚರ್ಮ ಮೆಲ್ಲಗೆ ಕೆರೆದು ಗಾಜಿನ ಪಟ್ಟಿಗೆ ಹಚ್ಚಿಕೊಂಡರು. ರಕ್ತ ತೆಗೆದುಕೊಂಡರು. ಕೆಂಪಾದ ಜಾಗಕ್ಕೆ ಮುಲಾಮು ಕೊಟ್ಟರು.

"ಇದನ್ನ ಹಚ್ರಿ. ಇನ್ನ ಏನೂ ಹಚ್ಚಬ್ಯಾಡ್ರಿ. ದ್ರಾಕ್ಷಿದು ಇಲ್ಲ, ಎಂಜಿನ್ನಿಂದು ಇಲ್ಲ."

ಎಂಜಿನ್ ವಿಷಯ ಡಾಕ್ಟರಿಗೆ ಹೇಗೆ ಗೊತ್ತಾಯಿತೆಂದು ಕಾವ್ಯಾ ಬೆರಗಾದಳು. ಡಾಕ್ಟರು ಮಾತ್ರ ಅದನ್ನು ಎಲ್ಲರಿಗೂ ಹೇಳುತ್ತಿದ್ದರು.

ಟೆಸ್ಟಿನ ರಿಸಲ್ಟ್ ಬರುವವರೆಗೆ ಮಣೂಕಿ ತಿಕೋಟಾದಲ್ಲೇ ಉಳಿಯಿತು.

ಆ ವಾರ ವಿಜಯಪುರದ ಮನೆ ಬಹಳ ಸ್ವಚ್ಛವಾಗಿತ್ತು. ಗೇಟು ತೆಗೆದರೆ ಗೇಟಿನ ಸದ್ದಷ್ಟೇ ಬರುತ್ತಿತ್ತು. ಒಂದು ಸಂಜೆ ಮಮ್ಮಿ ಚಳಿಗಾಲದ ರಗ್ಗುಗಳನ್ನು ಮಡಚಿ ಕಪಾಟಿಗೆ ಇಡುತ್ತಿದ್ದಳು. ಒಂದರ ಮೇಲೆ ಉದ್ದನೆಯ ಕಂದು ಕೂದಲು ಅಂಟಿಕೊಂಡಿತ್ತು. ಮಮ್ಮಿ ಅದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದಳು. ಜಾಡಿಸಲಿಲ್ಲ. ರಗ್ಗಿನ ಜೊತೆಗೇ ಮಡಚಿ ಒಳಗಿಟ್ಟಳು.

ಡಾಕ್ಟರ ಫೋನು ಬಂದಾಗ ಪಪ್ಪಾ ಸ್ಪೀಕರ್ ಹಚ್ಚಿದ.

"ಹುಳ ಏನೂ ಇಲ್ರಿ. ಮಂದಿಗೆ ಅಂಟೂದಿಲ್ಲ, ಬ್ಯಾರೆ ನಾಯಿಗೂ ಅಂಟೂದಿಲ್ಲ. ರಕ್ತಾನೂ ಬರೋಬರ್ ಐತಿ."

"ಮತ್ತ ಕೂದಲ ಯಾಕ ಹೋದ್ವು ಸರ್?"

"ಗೊತ್ತಿಲ್ರಿ," ಅಂದರು ಡಾಕ್ಟರು, ಏನೂ ಸಂಕೋಚವಿಲ್ಲದೆ. "ವಯಸ್ಸಾದ ನಾಯಿಗೆ ಒಮ್ಮೊಮ್ಮೆ ಹಿಂಗ ಆಗ್ತೈತಿ. ತಿರುಗಿ ಬಂದ್ರೂ ಬರಬಹುದು, ಬರಲಿಲ್ಲಂದ್ರೂ ಇಲ್ಲ. ಬಿಸಿಲಿಗೆ ಬಿಡಬ್ಯಾಡ್ರಿ, ಆತು."

ಪಪ್ಪಾ ಫೋನಿಟ್ಟ. ಆಮೇಲೆ ಮಮ್ಮಿ ಕೇಳಿದಳು. "ಕೂದಲ ಬರೂತನಕ ಅಲ್ಲೇ ಇರ್ಲೇನು ಕಾವ್ಯಾ? ನಿನಗ ನಾಚಿಕಿ ಆಗತಿತ್ತಲ್ಲ."

ಮಮ್ಮಿಗೆ ಎಲ್ಲ ಗೊತ್ತಿತ್ತು. ಮಮ್ಮಿಯರ ತೊಂದರೆಯೇ ಇದು.

ಕಾವ್ಯಾ ಕಾಲ್ಬೆರಳು ನೋಡುತ್ತ ಕೇಳಿದಳು. "ಜಾವಳ ತಗಿಸಿದ ಮ್ಯಾಲ ನನಗ ಕೂದಲ ಬರಾಕ ಭಾಳ ದಿನ ಹತ್ತಿತೇನು?"

"ಹೂಂ. ಭಾಳ ದಿನ."

"ಅಷ್ಟು ದಿನ ಮಣೂಕಿ ಎಲ್ಲಿ ಮಲಗತಿದ್ಲು?"

"ನಿನ್ನ ತೊಟ್ಟಿಲ ಕೆಳಗ," ಅಂದಳು ಮಮ್ಮಿ. ಆಮೇಲೆ ಪಪ್ಪಾನ ಕಡೆ ತಿರುಗಿದಳು. "ಗಾಡಿ ತಗೀರಿ."

*

ಸೋಮವಾರ ಬೆಳಿಗ್ಗೆ ವಿದ್ಯಾವತಿ ಟೀಚರ್ ಗೇಟಿನ ಮುಂದೆ ಹಾಜರಿದ್ದರು. ಮೊಮ್ಮಗ ಕಂಕುಳಲ್ಲಿದ್ದ.

"ಅಂಟೂದಿಲ್ಲಂತ್ರಿ ಟೀಚರ್. ಟೆಸ್ಟ್ ಮಾಡ್ಯಾರ," ಅಂದಳು ಕಾವ್ಯಾ, ಅವರು ಕೇಳುವ ಮೊದಲೇ.

"ಮತ್ತ ಏನ ರೋಗ ಅಂತ?"

"ಗೊತ್ತಿಲ್ಲಂತ್ರಿ."

"ಡಾಕ್ಟರಿಗೇ ಗೊತ್ತಿಲ್ಲೇನು!" ಟೀಚರ್ ಇನ್ನೂ ಏನೋ ಹೇಳಬೇಕೆಂದಿದ್ದರು. ಅಷ್ಟರಲ್ಲಿ ಮೊಮ್ಮಗ ಮಣೂಕಿಯನ್ನು ನೋಡಿ, "ಬೌ!" ಎಂದು ಕೂಗಿ ತನ್ನ ನುಣ್ಣಗಿನ ಬೋಳು ತಲೆಯನ್ನು ಗೇಟಿಗೆ ತಾಗಿಸಿದ. ಟೀಚರ್ ಒಮ್ಮೆ ಆ ತಲೆ, ಒಮ್ಮೆ ಈ ಬೆನ್ನು ನೋಡಿದರು. "ಬಿಸಿಲಾಗ ನಿಲ್ಲಿಸಬ್ಯಾಡ ಅದನ್ನ," ಎಂದಷ್ಟೇ ಹೇಳಿ ಹೋದರು.

ಆಟೋ ಬಂತು. ಸಪ್ನಾ ಕತ್ತು ಹೊರಗೆ ಹಾಕಿದಳು. "ಕಾವ್ಯಾ, ಆ ಬೀದಿ ನಾಯಿ ಮತ್ತ ಬಂದೈತಿ ನೋಡು."

ನದೀಮ ತನ್ನ ಶೂ ಲೇಸನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಬೀದೀದು ಅಲ್ಲ," ಅಂದಳು ಕಾವ್ಯಾ. "ಮಣೂಕಿ ಅಂತ. ನಮ್ಮಕಿ. ನಾ ಅವತ್ತ ಸುಳ್ಳ ಹೇಳಿದ್ದೆ."

ಸಪ್ನಾ ಕಾವ್ಯಾಳನ್ನು ನೋಡಿದಳು. ಮಣೂಕಿಯನ್ನು ನೋಡಿದಳು. ಮೂಗಿನವರೆಗೆ ಹೋದ ಕೈ ಹಾಗೇ ಕೆಳಗಿಳಿಯಿತು.

"ಕಡೀತೈತೇನು?"

"ಇಲ್ಲ."

"ಮುಟ್ಲೇನು?"

ಆಟೋದ ಮಾಮಾ ಹಾರ್ನ್ ಹೊಡೆದ. ಸಪ್ನಾ ಇಳಿದು ಬಂದು ಒಂದು ಬೆರಳಿನ ತುದಿಯಿಂದ ಮುಟ್ಟಿದಳು. ಆಮೇಲೆ ಇಡೀ ಅಂಗೈ ಇಟ್ಟಳು.

"ಬೆಚ್ಚಗ ಐತಿ ಲೇ!"

"ರೊಟ್ಟಿ ಹಂಗ," ಅಂದಳು ಕಾವ್ಯಾ. ಬಗ್ಗಿ ಮಣೂಕಿಯ ಕಿವಿಯ ಹಿಂದೆ, ಕೂದಲು ಉಳಿದಿದ್ದ ಜಾಗದಲ್ಲಿ, ಗಟ್ಟಿಯಾಗಿ ಕೆರೆದಳು. ಮಣೂಕಿ ಕಣ್ಣು ಮುಚ್ಚಿ ಅವಳ ಮೊಣಕಾಲಿಗೆ ತಲೆ ಒತ್ತಿತು.

ಆಟೋ ಹೊರಟಿತು. ಕಾವ್ಯಾ ಹಿಂದಕ್ಕೆ ತಿರುಗಿ, ತಿರುವು ಬರುವವರೆಗೂ ಕೈ ಬೀಸಿದಳು.

"ನಿನ್ನ ಸ್ಕರ್ಟಿಗೆ ಕೂದಲ ಹತ್ಯಾವು," ಅಂದ ನದೀಮ. "ಜಾಡಿಸ್ಕೊ."

ಎರಡೇ ಎರಡು ಕಂದು ಕೂದಲು ಇದ್ದವು. ಕಾವ್ಯಾ ಅವನ್ನು ನೋಡಿದಳು.

"ಇರ್ಲಿ ಬಿಡು," ಅಂದಳು.